ವಸ್ತಿ ಬಸ್ಸಿಗೆ ಬರ್ರಿ: ತಾಂಡಾಕ್ಕೆ ಹೊಸದಾಗಿ ಹೋಗುವವರ ಪ್ರಶ್ನೆ, ನಮ್ಮ ಕಡೆಯವರ ಉತ್ತರ

ಶಿರಹಟ್ಟಿಗೆ ಹೊಸಬಳು:

ಎಲ್ಲರಿಗೂ ನಮಸ್ಕಾರ. ನನ್ನದು ತುಮಕೂರು ಕಡೆ, ವಯಸ್ಸು 24. ಒಂದು ಸಂಸ್ಥೆಯ ಕೆಲಸಕ್ಕೆ ಎರಡು ವರ್ಷದ ಮಟ್ಟಿಗೆ ಗದಗ ಜಿಲ್ಲೆಗೆ ಬಂದಿದ್ದೇನೆ. ಶಿರಹಟ್ಟಿಯಲ್ಲಿ ರೂಮು ಮಾಡಿದ್ದೇನೆ. ಕಪ್ಪತಗುಡ್ಡದ ಕಡೆಯ ಒಂದು ಲಂಬಾಣಿ ತಾಂಡಾ ನನ್ನ ಪಾಲಿಗೆ ಬಂದಿದೆ. ದೀಪಾವಳಿ ಮುಗಿದರೆ ಅಲ್ಲಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದಂತೆ. ಗೋವಾ, ಮಂಗಳೂರು ಕಡೆ ಗುಳೆ ಹೋಗುತ್ತಾರೆ. ಮಕ್ಕಳೂ ಜೊತೆಗೆ. ಆ ಮಕ್ಕಳ ಓದು ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮೂರು ವಾರ ಆಯಿತು. ದಿನಾ ಬೆಳಿಗ್ಗೆ 11ಕ್ಕೆ ಸ್ಕೂಟಿಯಲ್ಲಿ ಹೋಗುತ್ತೇನೆ, ಸಂಜೆ 4ಕ್ಕೆ ವಾಪಸ್. ಕೈಯಲ್ಲಿ ಟ್ಯಾಬ್ ಇರುತ್ತದೆ. 40 ಮನೆಗಳಲ್ಲಿ 11 ಮನೆಯ ಸರ್ವೆ ಮಾತ್ರ ಆಗಿದೆ. ನನ್ನ ಗಾಡಿ ಸದ್ದು ಕೇಳಿದರೆ ಹೆಂಗಸರು ಒಳಗೆ ಹೋಗಿಬಿಡುತ್ತಾರೆ.

ಮೊನ್ನೆ ಒಬ್ಬ ಅಜ್ಜಿ ಕಟ್ಟೆ ಮೇಲೆ ಕೂತು ಕೌದಿ ಹೊಲಿಯುತ್ತಿದ್ದರು. ನಾನು ಹೆಸರು, ವಯಸ್ಸು ಅಂತ ಶುರು ಮಾಡಿದೆ. ಅವರು ಸೂಜಿ ನಿಲ್ಲಿಸಲಿಲ್ಲ. "ಎಷ್ಟ ದಿನ ಇರ್ತಿ ಯವ್ವಾ?" ಎಂದು ಕೇಳಿದರು. "ಇಲ್ಲೇ ಇರ್ತೀನಿ ಅಜ್ಜಿ" ಅಂದೆ. ಆಗ ತಲೆ ಎತ್ತಿ ನನ್ನನ್ನು ನೋಡಿದರು. "ಹಿಂದ ಬಂದಾಕಿನೂ ಹಂಗ ಅಂದಿದ್ಲು" ಅಂದು ಮತ್ತೆ ಸೂಜಿ ಹಿಡಿದರು.

ನಾನು ಸುಳ್ಳು ಹೇಳಿದೆ, ಅಲ್ವಾ? ಏನು ಹೇಳಬೇಕಿತ್ತು? ಈ ಭಾಗದವರು ದಯವಿಟ್ಟು ದಾರಿ ತೋರಿಸಿ.

ಬೆಟಗೇರಿ ಮಾಸ್ತರು:

ತಂಗಿ, ಮೊದಲು ಹೊತ್ತಿನ ಮಾತು. ಈಗ ಉಳ್ಳಾಗಡ್ಡಿ ಕೀಳುವ ದಿನ. 11 ಗಂಟೆಗೆ ತಾಂಡಾದಲ್ಲಿ ಇರುವವರು ಮುದುಕರು, ಬಾಣಂತಿಯರು, ಜ್ವರ ಬಂದವರು ಮಾತ್ರ. ದುಡಿಯುವವರೆಲ್ಲ ಹೊಲದಲ್ಲಿರುತ್ತಾರೆ. ಅವರು ಮನೆಗೆ ಬರುವ ಹೊತ್ತಿಗೆ ನೀವು ಶಿರಹಟ್ಟಿ ರೂಮಿನಲ್ಲಿರುತ್ತೀರಿ. ಮೂರು ವಾರ ಹೋದರೂ ನೀವು ಆ ತಾಂಡಾವನ್ನು ಪೂರ್ತಿ ನೋಡಿಲ್ಲ.

ನಮ್ಮ ಕಡೆ ವಸ್ತಿ ಬಸ್ ಅಂತ ಇರುತ್ತದೆ. ಸಂಜೆ ಕೊನೆಗೆ ಬಂದು ರಾತ್ರಿ ಊರಲ್ಲೇ ನಿಂತು, ನಸುಕಿನಲ್ಲಿ ಹೊರಡುವ ಬಸ್. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗುತ್ತಾರೆ. ನೀವು ಆ ಬಸ್ಸಿಗೆ ಹೋಗಿ. ವಾರಕ್ಕೆ ಒಂದು ರಾತ್ರಿ ಸಾಕು.

ನನ್ನದೇ ಹೇಳುತ್ತೇನೆ. ಮೊದಲ ಕೆಲಸ ಗದಗ ಸೀಮೆಯ ಒಂದು ಎರೆ ಹೊಲದ ಊರಲ್ಲಿ. ಒಂದು ವರ್ಷ ದಿನಾ ಬೆಟಗೇರಿಯಿಂದ ಓಡಾಡಿದೆ. ಮೂರನೇ ಇಯತ್ತೆಯಲ್ಲಿ ಒಬ್ಬ ಹುಡುಗ ದಿನಾ ತೂಕಡಿಸುತ್ತಿದ್ದ. ಹೊಡೆದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ಮಳೆಗಾಲ ಹಳ್ಳ ಬಂದು ಬಸ್ ನಿಂತಿತು. ಆ ರಾತ್ರಿ ಅವನ ಕೇರಿಯಲ್ಲೇ ಉಳಿದೆ. ನಸುಕಿನ ಮೂರು ಗಂಟೆಗೆ ಕೊಡಗಳ ಸದ್ದಾಯಿತು. ಎದ್ದು ನೋಡಿದರೆ ಬಾವಿಗೆ ಪಾಳಿ ಹಚ್ಚಿದ್ದರು. ಆ ಹುಡುಗ ತನಗಿಂತ ದೊಡ್ಡ ಕೊಡ ಹಿಡಿದು, ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಮಾಡುತ್ತಿದ್ದ. ಅವನ ಪಾಳಿ ಬಂದಾಗ ಹಿಂದಿನವರು ಮೆಲ್ಲಗೆ ತಟ್ಟಿ ಎಬ್ಬಿಸಿದರು. ನಾನು ಅವನನ್ನು ಹಾಗೆ ಒಂದು ದಿನವೂ ಎಬ್ಬಿಸಿರಲಿಲ್ಲ. ಮುಂದಿನ ತಿಂಗಳು ಆ ಊರಲ್ಲೇ ಮನೆ ಹಿಡಿದೆ. ಒಂಬತ್ತು ವರ್ಷ ಇದ್ದೆ.

ಲಕ್ಷ್ಮೇಶ್ವರದಾಕಿ:

ಅಕ್ಕಾ, ಹೆಂಗಸರು ಒಳಗೆ ಹೋಗುವುದು ನಿಮ್ಮನ್ನು ನೋಡಿ ಅಲ್ಲ, ನಿಮ್ಮ ಬ್ಯಾಗು ಮತ್ತು ಟ್ಯಾಬ್ ನೋಡಿ. ವಾರದ ಕಂತು ವಸೂಲಿಗೆ ಬರುವವರೂ ಹಾಗೆಯೇ ಬರುತ್ತಾರೆ. ಗಾಡಿ, ಬ್ಯಾಗು, ಟ್ಯಾಬ್, ಕೊರಳಲ್ಲಿ ಕಾರ್ಡು. ಕಂತು ಕಟ್ಟದಿದ್ದರೆ ಮನೆ ಮುಂದೆ ಕೂತುಬಿಡುತ್ತಿದ್ದರು. ಈ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂದರೆ ಎಷ್ಟು ಮನೆಗಳು ನೊಂದಿರಬೇಕು ಯೋಚಿಸಿ. ಒಂದು ತಿಂಗಳು ಟ್ಯಾಬ್ ರೂಮಿನಲ್ಲೇ ಬಿಟ್ಟು ಬರಿ ಕೈಯಲ್ಲಿ ಹೋಗಿ ನೋಡಿ.

ಸೆಟ್ಲಮೆಂಟ್ ಹುಡುಗ, ಹುಬ್ಬಳ್ಳಿ:

ಮೇಲಿನ ಅಕ್ಕ ಹೇಳಿದ್ದು ನಿಜ. ಅದರ ಹಿಂದೆ ಇನ್ನೂ ಹಳೆಯ ಕಾರಣ ಇದೆ. ನಾನು ಹುಬ್ಬಳ್ಳಿ ಸೆಟ್ಲಮೆಂಟ್‌ನವನು. ಈ ಹೆಸರು ಎಲ್ಲಿಂದ ಬಂತು ಅನ್ನುವುದು ಹುಬ್ಬಳ್ಳಿಯಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. 1871ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಕೆಲವು ಸಮುದಾಯಗಳಲ್ಲಿ ಹುಟ್ಟಿದ್ದೇ ಅಪರಾಧ ಎಂದು ಪಟ್ಟಿ ಮಾಡಿದರು. ಮುಂದೆ ಮುಂಬೈ ಪ್ರಾಂತ್ಯದಲ್ಲಿ ಅಂಥ ಕುಟುಂಬಗಳನ್ನು ಹಿಡಿದಿಡಲು ಸೆಟ್ಲಮೆಂಟ್‌ಗಳಾದವು. ಹುಬ್ಬಳ್ಳಿಯಲ್ಲಿ ಒಂದು, ಗದಗದಲ್ಲಿ ಒಂದು. ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ಹೊರಗೆ ಹೋಗಬೇಕಾದರೆ ಚೀಟಿ ಬೇಕಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ, 1952ರ ಆಗಸ್ಟ್ 31ರಂದು, ಆ ಪಟ್ಟಿಯಿಂದ ನಮ್ಮವರು ಬಿಡುಗಡೆ ಆದರು. ಮದ್ರಾಸ್ ಪ್ರಾಂತ್ಯದಲ್ಲಿ ಲಂಬಾಣಿ ಜನರನ್ನೂ ಆ ಪಟ್ಟಿಗೆ ಸೇರಿಸಿದ್ದರು.

ನಮ್ಮ ಅಜ್ಜಿ ಸಾಯುವವರೆಗೂ ಹೆಸರು ಬರೆದುಕೊಳ್ಳಲು ಬಂದವರಿಗೆ ತನ್ನ ನಿಜ ಹೆಸರು ಹೇಳಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೆಸರು. ಇದರಿಂದ ರೇಷನ್ ಕಾರ್ಡಿನಲ್ಲಿ ಒಂದು, ಆಸ್ಪತ್ರೆ ಚೀಟಿಯಲ್ಲಿ ಒಂದು ಆಗಿ ಪಿಂಚಣಿಗೆ ಬಹಳ ಕಷ್ಟವಾಯಿತು. ಅದಕ್ಕೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಹೆಸರು ಬರೆಸಿದ್ದಕ್ಕೆ ಅವರ ಅಪ್ಪ-ಅಮ್ಮ ಏನು ಅನುಭವಿಸಿದರೋ ಅದನ್ನು ಅವರು ಕಂಡಿದ್ದರು.

ನನ್ನ ಮಾತು ಇಷ್ಟೇ. ಮೊದಲು ನಿಮ್ಮ ಹೆಸರು ಹೇಳಿ. ಅಪ್ಪ-ಅಮ್ಮ ಏನು ಮಾಡುತ್ತಾರೆ, ಎಷ್ಟು ಮಂದಿ ಅಣ್ಣತಮ್ಮಂದಿರು, ಈ ಕೆಲಸಕ್ಕೆ ಸಂಬಳ ಎಷ್ಟು, ಎಲ್ಲ ಹೇಳಿ. ಅವರು ನಿಮ್ಮ ಸರ್ವೆ ಮಾಡಲಿ. ಆಮೇಲೆ ನಿಮ್ಮದು.

ರಾಣೆಬೆನ್ನೂರು ಓದುಗ:

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ಎರಡು ವರ್ಷಕ್ಕೆ ಬಂದು ಹೋಗುವವರಿಂದ ಏನಾಗುತ್ತದೆ? ಅದೇ ತಾಂಡಾದಲ್ಲಿ ಪಿಯುಸಿ, ಡಿಗ್ರಿ ಓದಿ ಮನೆಯಲ್ಲಿರುವ ಹುಡುಗ-ಹುಡುಗಿಯರು ಇರುತ್ತಾರೆ. ಆ ಸಂಬಳ ಅವರಿಗೇ ಕೊಟ್ಟರೆ ಅವರು ಗುಳೆ ಹೋಗುವುದಾದರೂ ತಪ್ಪುತ್ತದೆ. ಭಾಷೆ ಕಲಿಯುವುದು ಬೇಡ, ಮನೆ ಹುಡುಕುವುದು ಬೇಡ. ಹೊರಗಿನವರು ಕಲಿತುಕೊಂಡು ಹೋಗುತ್ತಾರೆ, ಊರು ಇದ್ದ ಹಾಗೇ ಇರುತ್ತದೆ.

ಶಿರಹಟ್ಟಿಗೆ ಹೊಸಬಳು:

ಬೇಜಾರಿಲ್ಲ ಸರ್. ಈ ಪ್ರಶ್ನೆ ನನಗೂ ಇದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ತಾಂಡಾದ ಮಗ, ಧಾರವಾಡ:

ನಾನು ಉತ್ತರ ಕೊಡುತ್ತೇನೆ. ನನ್ನದು ಮುಂಡರಗಿ ತಾಲ್ಲೂಕಿನ ತಾಂಡಾ. ಈಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ. ರಾಣೆಬೆನ್ನೂರಿನ ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ತಾಂಡಾದ ಹುಡುಗರಿಗೆ ಕೆಲಸ ಕೊಡಲೇಬೇಕು. ಆದರೆ ನಾನು ಇಲ್ಲಿ ಕೂತು ಇದನ್ನು ಬರೆಯಲು ಕಾರಣ ಹೊರಗಿನಿಂದ ಬಂದ ಒಬ್ಬ ಅಕ್ಕ.

ಉಡುಪಿ ಕಡೆಯವರು. ನಾನು ಐದನೇ ಇಯತ್ತೆಯಲ್ಲಿದ್ದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಆರನೇ ತರಗತಿಗೆ ಸೇರಲು ಪರೀಕ್ಷೆ ಬರೆಯಬೇಕು ಅನ್ನುವುದು ನಮ್ಮ ತಾಂಡಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಅರ್ಜಿ ತುಂಬಿಸಿದರು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅಪ್ಪನ ಜೊತೆ ಮೂರು ಸಲ ನಾಡಕಚೇರಿಗೆ ಹೋದರು. ಪರೀಕ್ಷೆ ಹಿಂದಿನ ದಿನ ವಸ್ತಿ ಬಸ್ಸಿಗೆ ಬಂದು ನಮ್ಮ ಮನೆಯಲ್ಲೇ ಮಲಗಿದರು. ಬೆಳಗಿನ ಬಸ್ ತಪ್ಪಿದರೆ ವರ್ಷವೇ ಹೋಗುತ್ತದೆ ಅಂತ ಅವರಿಗೆ ಭಯ. ಯಾಡಿ, ಅಂದರೆ ನಮ್ಮಮ್ಮ, ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದರು. ಆ ಅಕ್ಕ ಒಲೆ ಮುಂದೆ ಕೂತು ನನ್ನ ಪೆನ್ನು ಬರೆಯುತ್ತದೋ ಇಲ್ಲವೋ ಅಂತ ತಮ್ಮ ಅಂಗೈ ಮೇಲೆ ಗೀಚಿ ನೋಡಿದರು. ಒಂದಲ್ಲ, ಮೂರು ಪೆನ್ನು. ಅಂಗೈ ತುಂಬ ನೀಲಿ.

ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಅಪ್ಪ ಮತ್ತು ಅವರು ಬೇವಿನ ಮರದ ಕೆಳಗೆ ಕೂತಿದ್ದರು. ಅಪ್ಪ ಅಷ್ಟು ದೊಡ್ಡ ಶಾಲೆಯ ಗೇಟು ದಾಟಿದ್ದು ಅದೇ ಮೊದಲು. ಒಬ್ಬನೇ ಆಗಿದ್ದರೆ ಅವನು ರಸ್ತೆಯಲ್ಲೇ ನಿಂತಿರುತ್ತಿದ್ದ.

ಆ ಅಕ್ಕ ಇದ್ದದ್ದು ಒಟ್ಟು 14 ತಿಂಗಳು. ಬಂದ ಮೊದಲ ತಿಂಗಳೇ ತಾಂಡಾದ ಮುಖಂಡರಾದ ನಾಯಕರ ಮನೆ ಮುಂದೆ ಎಲ್ಲರಿಗೂ ಹೇಳಿದ್ದರು: "ಬರುವ ವರ್ಷದ ಹೋಳಿ ತನಕ ಇರ್ತೀನಿ, ಆಮೇಲೆ ಹೋಗ್ತೀನಿ." ಹೋಳಿ ಆಡಿ, ಮೂರನೇ ದಿನ ಹೋದರು. ಎಲ್ಲರೂ ಬಸ್ಸಿನ ತನಕ ಹೋಗಿ ಕಳಿಸಿದರು. ಹೋಗುತ್ತೇನೆ ಅಂತ ಹೇಳಿ ಹೋದವರು ಅವರೊಬ್ಬರೇ. ಉಳಿದವರು ಸುಮ್ನೆ ಬರುವುದು ನಿಲ್ಲಿಸಿದರು.

ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಇದೇ ಅಕ್ಕಾ. ನಿಮ್ಮ ಹತ್ತಿರ ಎಷ್ಟು ತಿಂಗಳಿದೆಯೋ ಅಷ್ಟೇ ಹೇಳಿ. ನಮ್ಮವರು ವರ್ಷವಿಡೀ ಬರುವುದು, ಹೋಗುವುದರಲ್ಲೇ ಬದುಕುವವರು. ಹೋಗುವುದು ಅವರಿಗೆ ತಪ್ಪಾಗಿ ಕಾಣುವುದಿಲ್ಲ.

ಬೆಟಗೇರಿ ಮಾಸ್ತರು:

ತಮ್ಮಾ, ಆ ಅಂಗೈ ಮೇಲಿನ ನೀಲಿ ಗೀಟು ಓದಿ ಕಣ್ಣು ತುಂಬಿತು. ಚೆನ್ನಾಗಿ ಓದು.

ಕಲಘಟಗಿ ಸಿಸ್ಟರ್:

ನಾನೂ ಹೊಸಬಳೇ. ಕೋಲಾರದಿಂದ ಬಂದು ಕಲಘಟಗಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಕಾಡಂಚಿನಲ್ಲಿ ಗೌಳಿ ದಡ್ಡಿಗಳಿವೆ, ಅಂದರೆ ಗೌಳಿ ಜನರ ಸಣ್ಣ ಕೇರಿಗಳು. ಎಮ್ಮೆ ಸಾಕುವವರು, ಮನೆಯಲ್ಲಿ ಮರಾಠಿ ಬೆರೆತ ಮಾತು. ಬಿಪಿ, ಶುಗರ್ ತಪಾಸಣೆಗೆ ಕ್ಯಾಂಪ್ ಹಾಕಿದೆ. 11 ಗಂಟೆಗೇ! ಬಂದವರು ಮೂರು ಜನ. ಗಂಡಸರು ಹಾಲು ಹಾಕಲು ಪೇಟೆಗೆ ಹೋಗಿದ್ದರು, ಉಳಿದವರು ಎಮ್ಮೆ ಬಿಟ್ಟುಕೊಂಡು ಕಾಡಿಗೆ.

ನಮ್ಮ ಆಯಾ ಹೇಳಿದರು, ಹಿಂಡುವ ಹೊತ್ತಿಗೆ ಹೋಗೋಣ ಅಂತ. ಬೆಳಗಿನ ಐದೂವರೆಗೆ ಹೋದೆವು. ಒಬ್ಬ ಹೆಂಗಸು ಹಾಲು ಹಿಂಡುತ್ತಿದ್ದರು. ಕರು ಬಿಡಿಸಿಕೊಂಡು ಓಡುತ್ತಿತ್ತು. ನನ್ನ ಕೈಗೆ ಹಗ್ಗ ಕೊಟ್ಟು "ಹಿಡೀರಿ" ಅಂದರು. ಹಿಡಿದುಕೊಂಡೆ. ಹತ್ತು ನಿಮಿಷ ಅದು ನನ್ನನ್ನು ಎಳೆದಾಡಿತು, ಚಪ್ಪಲಿಯೆಲ್ಲ ಸಗಣಿ. ಹಿಂಡಿ ಮುಗಿದ ಮೇಲೆ ಅವರೇ ಸೆರಗಿಗೆ ಕೈ ಒರೆಸಿಕೊಂಡು ತೋಳು ಮುಂದೆ ಮಾಡಿದರು. ಬಿಪಿ 180ರ ಮೇಲಿತ್ತು. ತಲೆನೋವು ಬಿಸಿಲಿಗೆ ಬರುತ್ತದೆ ಅಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದರಂತೆ. ಈಗ ಮಾತ್ರೆ ತಪ್ಪಿಸುವುದಿಲ್ಲ. ಆ ದಡ್ಡಿಗೆ ನಾನು ಹೋಗುವುದು ಇವತ್ತಿಗೂ ಹಿಂಡುವ ಹೊತ್ತಿಗೇ.

ಹಾವೇರಿ ಕಡೆಯವ:

ಒಂದು ಮಾತು ಸೇರಿಸುತ್ತೇನೆ. ಚಹಾದ ವಿಷಯ.

ನಾನು ಪೌರಕಾರ್ಮಿಕರ ಮನೆಯಲ್ಲಿ ಬೆಳೆದವನು. 2010ರ ಜುಲೈನಲ್ಲಿ ನಮ್ಮ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮನೆಗಳನ್ನು ಉಳಿಸಿಕೊಳ್ಳಲು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನೆನಪಿರಬಹುದು. ಮಲ ಹೊರುವ ಪದ್ಧತಿ ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ ಬಂದಿತ್ತು. 2013ರಲ್ಲಿ ಇನ್ನೊಂದು ಬಂತು. ಕಾಯ್ದೆ ಬಂತು ಅಂತ ಊರಿನವರ ಕೈ ನಮ್ಮ ಚಹಾ ಕಪ್ಪಿಗೆ ಬರಲಿಲ್ಲ.

ನಮ್ಮ ಮನೆಗೂ ಒಳ್ಳೆಯ ಮನಸ್ಸಿನ ಹುಡುಗ-ಹುಡುಗಿಯರು ಬಂದಿದ್ದಾರೆ. ಅಮ್ಮ ಚಹಾ ಇಡಲು ಏಳುತ್ತಿದ್ದರು. ಅವರು "ಅಯ್ಯೋ ಬೇಡ ಅಮ್ಮ, ಈಗಷ್ಟೇ ಕುಡಿದೆ" ಅನ್ನುತ್ತಿದ್ದರು. ತೊಂದರೆ ಕೊಡಬಾರದು ಅಂತ ಅವರ ಮನಸ್ಸಿನಲ್ಲಿ ಇದ್ದಿರಬಹುದು. ಆದರೆ ಅಮ್ಮನಿಗೆ ಆ ಮಾತು ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಮೇಲಿನ ಕೇರಿಯವರು ನಮ್ಮ ಮನೆಯಲ್ಲಿ ಕುಡಿಯದೆ ಇರಲು ಹೇಳುವ ಮಾತೂ ಅದೇ. ಅವರು ಹೋದಮೇಲೆ ಅಮ್ಮ ಪಾತ್ರೆಯಲ್ಲಿದ್ದ ಹಾಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಿರುತ್ತಿದ್ದರು.

ಒಬ್ಬ ಹುಡುಗ ಮಾತ್ರ ಬಂದವನೇ "ಅಮ್ಮಾ, ಚಾ ಇದ್ರ ಕೊಡ್ರಿ" ಅಂತ ಕೇಳಿ ಕುಡಿದ. ಹಾವೇರಿಗೆ ಕಾಲೇಜಿಗೆ ಬಂದಿದ್ದ ಹುಡುಗ. ಯಾವ ಸಂಸ್ಥೆಯವನೂ ಅಲ್ಲ. ಅಮ್ಮ ಇವತ್ತಿಗೂ ಅವನ ಹೆಸರು ಹಿಡಿದು ಕೇಳುತ್ತಾರೆ. ತಂಗಿ, ಅಜ್ಜಿ ಮನೆಯಲ್ಲಿ ಚಹಾ ಕೊಟ್ಟರೆ ಕುಡಿಯಿರಿ. ಕೊಡದಿದ್ದರೆ ನೀವೇ ಕೇಳಿ.

ಆಶಾ ಅಕ್ಕ, ಶಿರಹಟ್ಟಿ ತಾಲ್ಲೂಕು:

ವಸ್ತಿ ಬಸ್ಸಿಗೆ ಹೋಗು ಅಂತ ಎಲ್ಲರೂ ಹೇಳುತ್ತಿದ್ದೀರಿ, ಒಬ್ಬ ಹೆಣ್ಣುಮಗಳು ಹೇಗೆ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ನಾನು ಹೇಳುತ್ತೇನೆ.

ತಂಗಿ, ಮೊದಲು ತಾಂಡಾದ ನಾಯಕರನ್ನೂ ಅವರ ಜೊತೆ ತಾಂಡಾದ ಕೆಲಸ ನೋಡುವ ಕಾರಭಾರಿಯವರನ್ನೂ ಹಗಲು ಹೊತ್ತಿನಲ್ಲಿ ಕಂಡು ಹೇಳಿ. ಅಲ್ಲಿಯ ಆಶಾ, ಅಂಗನವಾಡಿ ಕಾರ್ಯಕರ್ತೆ ಯಾರು ಅಂತ ಕೇಳಿ ಅವರ ಗುರುತು ಮಾಡಿಕೊಳ್ಳಿ. ಮೊದಲ ರಾತ್ರಿ ಅವರ ಮನೆಯಲ್ಲೇ ಅಥವಾ ಹೆಂಗಸರು ಜಾಸ್ತಿ ಇರುವ ಮನೆಯಲ್ಲಿ ಉಳಿಯಿರಿ. ನೀವು ಎಲ್ಲಿರುತ್ತೀರಿ ಅಂತ ನಿಮ್ಮ ಆಫೀಸಿಗೂ ಮನೆಗೂ ಗೊತ್ತಿರಲಿ. ಮನಸ್ಸಿಗೆ ಸರಿ ಕಾಣದಿದ್ದರೆ ಉಳಿಯಬೇಡಿ, ನಸುಕಿನಲ್ಲಿ ಬರುವುದೂ ನಡೆಯುತ್ತದೆ. ಮೇಲಿನ ಸಿಸ್ಟರ್ ಹಾಗೇ ಮಾಡಿದ್ದಾರಲ್ಲ.

ದುಡ್ಡು ಕೊಡಬೇಡಿ, ಸಾಲ ಕೊಡಬೇಡಿ. ಆಗದ ಕೆಲಸಕ್ಕೆ "ಮಾಡಿಸ್ತೀನಿ" ಅನ್ನಬೇಡಿ. ನಾನು ಹೊಸದರಲ್ಲಿ ಒಬ್ಬರಿಗೆ ಮನೆ ಮಂಜೂರು ಮಾಡಿಸುತ್ತೇನೆ ಅಂದು ಎರಡು ವರ್ಷ ಅವರ ಮುಖ ತಪ್ಪಿಸಿ ಓಡಾಡಿದ್ದೇನೆ. ಕೊನೆಗೆ ಹೋಗಿ "ನನ್ನ ಕೈಯಾಗ ಆಗಲಿಲ್ಲ" ಅಂದೆ. ಅವರು ಬೈಯಲಿಲ್ಲ. ಅದನ್ನು ಮೊದಲೇ ಹೇಳಿದ್ದರೆ ಎರಡು ವರ್ಷ ಆ ಮನೆಯ ಬಾಣಂತಿ ನೋಡಲು ಹಿಂಜರಿಯುತ್ತಿರಲಿಲ್ಲ.

ತಾಂಡಾದ ಮಗ, ಧಾರವಾಡ:

ಇನ್ನೊಂದು ಮುಖ್ಯ ಮಾತು ಮರೆತಿದ್ದೆ. ಗುಳೆ ಹೋಗಬೇಡಿ ಅಂತ ಬುದ್ಧಿ ಹೇಳಲು ಹೋಗಬೇಡಿ ಅಕ್ಕಾ. ಎಷ್ಟೋ ಮನೆಯವರು ಮೇಸ್ತ್ರಿಯಿಂದ ಮುಂಗಡ ತಗೊಂಡಿರುತ್ತಾರೆ. ಆ ದುಡ್ಡು ಬೀಜ, ಗೊಬ್ಬರ, ಮದುವೆಗೆ ಹೋಗಿರುತ್ತದೆ. ಹೋಗಲೇಬೇಕು. ಹೋಗುವವರ ಕೈಗೆ ಏನು ಕೊಟ್ಟು ಕಳಿಸಬಹುದು ಅಂತ ನೋಡಿ.

ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ಶಾಲೆಯ ದಾಖಲೆಯಲ್ಲಿರುವ ಗುರುತಿನ ನಂಬರ್, ಒಂದು ಚೀಟಿಯಲ್ಲಿ ಬರೆದುಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಬರಲು ತಡವಾಯಿತು ಅಂತ ಯಾವ ಶಾಲೆಯೂ ಮಗುವನ್ನು ಹೊರಗೆ ಇಡುವಂತಿಲ್ಲ. ಇದನ್ನು ಅಪ್ಪ-ಅಮ್ಮನಿಗೆ ಬಾಯಿಪಾಠ ಆಗುವ ಹಾಗೆ ಹೇಳಿ. ಆಹಾರ ಭದ್ರತಾ ಕಾಯ್ದೆಯಡಿಯ ರೇಷನ್ ಕಾರ್ಡಾದರೆ ಗೋವಾದ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಬಸುರಿ ಇದ್ದರೆ ತಾಯಿ ಕಾರ್ಡ್ ಮರೆಯದೆ ಒಯ್ಯಲಿ. ಕಟ್ಟಡದಲ್ಲಿ ವರ್ಷಕ್ಕೆ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಬಹುದು. ನಮ್ಮಪ್ಪ 20 ವರ್ಷ ಸೆಂಟ್ರಿಂಗ್ ಕೆಲಸ ಮಾಡಿದ ಮೇಲೆ ಅದು ಗೊತ್ತಾಯಿತು.

ಹಾಗೇ ನಮ್ಮ ಮಾತು ನಾಲ್ಕು ಕಲಿಯಿರಿ. ಅಜ್ಜಿಗೆ "ಯಾಡಿ" ಅಂದು ನೋಡಿ.

ಶಿರಹಟ್ಟಿಗೆ ಹೊಸಬಳು (ಐದು ವಾರದ ನಂತರ):

ಎಲ್ಲರಿಗೂ ಹೇಳಬೇಕಿತ್ತು, ತಡವಾಯಿತು.

ಆಶಾ ಅಕ್ಕ ಹೇಳಿದ ಹಾಗೆ ಮೊದಲು ನಾಯಕರನ್ನು ಕಂಡೆ. ಟ್ಯಾಬ್ ರೂಮಿನಲ್ಲೇ ಬಿಟ್ಟೆ. ಐದು ವಾರದಲ್ಲಿ ನಾಲ್ಕು ಸಲ ವಸ್ತಿ ಬಸ್ಸಿಗೆ ಹೋಗಿದ್ದೇನೆ. ಮೊದಲ ರಾತ್ರಿ ಅಂಗನವಾಡಿ ಅಕ್ಕನ ಮನೆ. ಎರಡನೇ ಸಲ ಸಂಜೆ ಆ ಅಜ್ಜಿಯ ಕಟ್ಟೆಗೆ ಹೋದೆ. ಅದೇ ಕೌದಿ ಇತ್ತು, ಅರ್ಧ ಮುಗಿದಿತ್ತು. "ಯಾಡಿ, ಅವತ್ತು ನಾನು ಸುಳ್ಳು ಹೇಳಿದೆ. ಎರಡು ವರ್ಷ ಇರ್ತೀನಿ, ಆಮೇಲೆ ಹೋಗ್ತೀನಿ" ಅಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಹಂಗಾದ್ರ ಎರಡು ದೀಪಾವಳಿಗೆ ಸಿಗ್ತಿ" ಅಂದರು. ಕೌದಿಯ ಒಂದು ತುದಿ ಎತ್ತಿ ನನ್ನ ತೊಡೆ ಮೇಲೆ ಹಾಕಿ, "ಹಿಡಿ, ಬಿಗಿ ಹಿಡಿ" ಅಂದರು. ಕತ್ತಲಾಗುವ ತನಕ ಹಿಡಿದುಕೊಂಡು ಕೂತೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅವರು ಕೇಳಿದರು. ಅಮ್ಮ ಬೀಡಿ ಕಟ್ಟುತ್ತಾರೆ ಅಂದೆ. ಎಷ್ಟು ಸಿಗುತ್ತದೆ, ಬೆನ್ನು ನೋಯುವುದಿಲ್ಲವೇ, ಎಲ್ಲ ವಿಚಾರಿಸಿದರು. ನಮ್ಮಮ್ಮನ ಬೆನ್ನಿನ ಬಗ್ಗೆ ನನ್ನನ್ನು ಕೇಳಿದವರು ಅವರೇ ಮೊದಲು.

ದೀಪಾವಳಿಗೆ ಉಳಿದೆ. ಮದುವೆಯಾಗದ ಹುಡುಗಿಯರ ಜೊತೆ ಹೂವು ತರಲು ಹೋದೆ. ರಾತ್ರಿ ದೀಪ ಹಿಡಿದು ಮೇರಾ ಅನ್ನುವ ಹಬ್ಬದ ಹಾಡು ಹೇಳುತ್ತಾ ಮನೆ ಮನೆಗೆ ಹೋದಾಗ ನನ್ನ ಕೈಗೂ ಒಂದು ದೀಪ ಕೊಟ್ಟರು. ಹಿಂದೆ ಬಾಗಿಲು ಹಾಕಿಕೊಂಡಿದ್ದ ಮನೆಗಳಿಗೂ ಹೋದೆವು.

ಸರ್ವೆ ಇನ್ನೂ ಮುಗಿದಿಲ್ಲ, 26 ಮನೆ ಆಗಿದೆ. ಆಫೀಸಿನಲ್ಲಿ ಕೇಳಿದರು, ತಡವಾಗುತ್ತದೆ ಅಂತ ಹೇಳಿದ್ದೇನೆ. ರಾಣೆಬೆನ್ನೂರಿನ ಸರ್, ನಿಮ್ಮ ಮಾತು ಬಿಟ್ಟಿಲ್ಲ. ತಾಂಡಾದ ಒಬ್ಬ ಡಿಗ್ರಿ ಓದಿದ ಹುಡುಗಿಯನ್ನು ನನ್ನ ಜೊತೆ ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಬರೆದು ಕೊಟ್ಟಿದ್ದೇನೆ. ನಾನು ಹೋದಮೇಲೆ ಈ ಕೆಲಸ ಅವಳದಾಗಲಿ ಅಂತ.

ಈಗ ಒಂದು ಸಹಾಯ ಬೇಕು. ಮುಂದಿನ ವಾರ ಆರು ಮಕ್ಕಳು ವಾಸ್ಕೋಗೆ ಹೋಗುತ್ತಿದ್ದಾರೆ. ಅಲ್ಲಿ ಕನ್ನಡ ಶಾಲೆ ಇದೆಯಂತೆ. ಯಾರಿಗಾದರೂ ಗುರುತು ಇದೆಯಾ?

ರಾಣೆಬೆನ್ನೂರು ಓದುಗ:

ಒಳ್ಳೆಯದಾಯಿತು ತಂಗಿ. ಆ ಹುಡುಗಿಗೆ ಕೆಲಸ ಆದರೆ ಇಲ್ಲಿ ತಿಳಿಸಿ. ಕಂಪ್ಯೂಟರ್ ಕಲಿಯಬೇಕಿದ್ದರೆ ನಾನು ಹೇಳಿಕೊಡುತ್ತೇನೆ, ಭಾನುವಾರ ಬಿಡುವಿರುತ್ತದೆ.

ತಾಂಡಾದ ಮಗ, ಧಾರವಾಡ:

ವಾಸ್ಕೋದಲ್ಲಿ ಕನ್ನಡ ಶಾಲೆ ಇದೆ ಅಕ್ಕಾ. ನಮ್ಮ ಮಾವ ಅಲ್ಲೇ ಇದ್ದಾರೆ, ಅವರ ಮಕ್ಕಳು ಕನ್ನಡದಲ್ಲೇ ಓದಿದ್ದು. ನಂಬರ್ ನಿಮಗೊಬ್ಬರಿಗೇ ಕಳಿಸುತ್ತೇನೆ. ಯಾವ ಬಸ್ಸಿಗೆ ಬರುತ್ತಾರೆ ಅಂತ ಹೇಳಿ, ಸ್ಟ್ಯಾಂಡಿಗೆ ಬರಲು ಹೇಳುತ್ತೇನೆ. ಸ್ಯಾಟ್ಸ್ ಚೀಟಿ ಎರಡೆರಡು ಬರೆಯಿರಿ. ಒಂದು ಅವರ ಹತ್ತಿರ, ಒಂದು ಅಜ್ಜಿ ಹತ್ತಿರ.